ನಾನು ಮಾಡಿದ ದುರಸ್ತಿ

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಆ ಗಾದೆಯನ್ನು ಹೇಳಿದವರು ದೊಡ್ಡ ಅನುಭವಿಗಳೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅವರು ಹಳೆಯ ಮನೆಯನ್ನು ದುರಸ್ತಿ ಮಾಡಿಸಿರಲಾರರೆಂದು ನನಗೆ ತೋರುತ್ತದೆ. ಮಾಡಿಸಿದ್ದರೆ ಗಾದೆಗೆ ಇನ್ನೊಂದು ತುಂಡು ತಪ್ಪದೆ ಸೇರುತ್ತಿತ್ತು. ಹೊಸ ಮನೆ ಕಟ್ಟುವವನ ಮುಂದೆ ಬರಿಯ ನಿವೇಶನವಿರುತ್ತದೆ. ಅದು ಅವನು ಹೇಳಿದಂತೆ ಕೇಳುತ್ತದೆ. ಹಳೆಯ ಮನೆ ಹಾಗಲ್ಲ. ಅದಕ್ಕೆ ತನ್ನದೇ ಆದ ಅಭ್ಯಾಸಗಳಿವೆ, ಹಟವೂ ಇದೆ. ಒಂದು ಮೊಳೆ ಹೊಡೆಯಹೋದರೆ ಒಂದು ಬೊಗಸೆ ಮಣ್ಣು ಉದುರಿಸಿ ತನ್ನ ವಯಸ್ಸನ್ನು ನೆನಪಿಸುತ್ತದೆ.

ನಮ್ಮ ಮನೆ ಮೈಸೂರಿನ ಹಳೆಯ ಬೀದಿಯೊಂದರಲ್ಲಿದೆ; ನಮ್ಮ ತಾತನವರು ಕಟ್ಟಿಸಿದ್ದು. ಮಣ್ಣಿನ ದಪ್ಪ ಗೋಡೆಗಳು, ಅವುಗಳ ಮೇಲೆ ಸುಣ್ಣದ ಗಾರೆ, ತಲೆಯ ಮೇಲೆ ಮಂಗಳೂರು ಹೆಂಚು. ಬೀದಿಯ ಕಡೆಗೆ ಜಗಲಿ, ಒಳಗೆ ಪಡಸಾಲೆ, ಅದರಾಚೆ ನಡುಮನೆ ಮತ್ತು ಅಡುಗೆಮನೆ. ಅಡುಗೆಮನೆಯಿಂದ ಎರಡು ಮೆಟ್ಟಿಲು ಇಳಿದರೆ ಬಚ್ಚಲುಮನೆ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಆರಂಭಿಸಿದ ಮೇಲೆ ಈ ಕೆಂಪು ಹೆಂಚುಗಳು ಘಟ್ಟ ಹತ್ತಿ ನಮ್ಮ ಸೀಮೆಗೂ ಬಂದವು. ಹೆಂಚಿನ ಒಳಮೈಯಲ್ಲಿ ಕಾರ್ಖಾನೆಯ ಹೆಸರಿನ ಅಚ್ಚು ಇರುತ್ತದೆ. ಹುಡುಗನಾಗಿದ್ದಾಗ ಅಟ್ಟದಲ್ಲಿ ಅಂಗಾತ ಮಲಗಿ ಆ ಅಕ್ಷರಗಳನ್ನು ಕೂಡಿಸಿ ಓದುತ್ತಿದ್ದೆ. ನನ್ನ ಮೊದಲ ಇಂಗ್ಲಿಷ್ ಪಾಠ ನಡೆದದ್ದು ಹಾಗೆ, ಸೂರಿನ ಕೆಳಗೆ.

ಮೂವತ್ತನಾಲ್ಕು ವರ್ಷ ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಹೇಳಿ ನಾನು ನಿವೃತ್ತನಾದೆ. ಅಂದು ಶಾಲೆಯವರು ಶಾಲು ಹೊದಿಸಿ, ಹಾರ ಹಾಕಿ, ಇನ್ನು ಮೇಲೆ ಸುಖವಾಗಿ ವಿಶ್ರಾಂತಿ ಪಡೆಯಿರಿ ಎಂದು ಹಾರೈಸಿದರು. ವಿಶ್ರಾಂತಿಯೆಂಬುದು ಕೆಲಸವಿರುವವರಿಗೆ ಮಾತ್ರ ದೊರೆಯುವ ವಸ್ತುವೆಂದು ಒಂದೇ ವಾರದಲ್ಲಿ ನನಗೆ ತಿಳಿಯಿತು. ಆಗ ಮತ್ತೆ ಅಟ್ಟ ಹತ್ತಿದೆ. ಅಲ್ಲಿ ತಂದೆಯವರ ಕಾಲದ ವಾಲ್ವ್ ರೇಡಿಯೋ ಇತ್ತು. ನಿಂತುಹೋದ ಗೋಡೆ ಗಡಿಯಾರವಿತ್ತು. ಮೂರು ಕಾಲಿನ ಕುರ್ಚಿಯಿತ್ತು. ಒಂದು ಸುತ್ತಿಗೆ, ಎರಡು ಇಕ್ಕಳ, ನಾಲ್ಕು ಸ್ಕ್ರೂ ಡ್ರೈವರುಗಳನ್ನು ಕೊಂಡುತಂದು ಅಟ್ಟವನ್ನೇ ಕಾರ್ಯಾಗಾರ ಮಾಡಿಕೊಂಡೆ.

ರೇಡಿಯೋವಿನ ಮೇಲೆ ನನಗೆ ವಿಶೇಷ ಪ್ರೀತಿ. ನಾನು ಹುಡುಗನಾಗಿದ್ದ ಕಾಲದಲ್ಲಿ ಅದನ್ನು ಮನೆಯಲ್ಲಿಟ್ಟುಕೊಳ್ಳುವುದಕ್ಕೂ ಲೈಸೆನ್ಸ್ ಬೇಕಾಗಿತ್ತು. ವರ್ಷಕ್ಕೊಮ್ಮೆ ಅಂಚೆ ಕಚೇರಿಗೆ ಹೋಗಿ, ಹಣ ಕಟ್ಟಿ, ಆ ಪುಟ್ಟ ಪುಸ್ತಕಕ್ಕೆ ಮುದ್ರೆ ಹಾಕಿಸಿಕೊಂಡು ಬರುವ ಕೆಲಸ ನನ್ನದಾಗಿತ್ತು. ಮೇಲಾಗಿ ನಾವು ಮೈಸೂರಿನವರು. ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲಿಯೇ ಪುಟ್ಟದೊಂದು ಯಂತ್ರವನ್ನಿಟ್ಟುಕೊಂಡು ಬಾನುಲಿ ಪ್ರಸಾರವನ್ನು ಆರಂಭಿಸಿದರು. 'ಆಕಾಶವಾಣಿ' ಎಂಬ ಹೆಸರು ಆ ಮನೆಯ ನಿಲಯದ್ದು. ಮುಂದೆ ಇಡೀ ದೇಶದ ಬಾನುಲಿಗೆ ಅದೇ ನಿಂತಿತು. ಹವ್ಯಾಸವನ್ನು ಹಗುರವಾಗಿ ಕಾಣಬಾರದು ಎಂಬುದಕ್ಕೆ ಈ ದೃಷ್ಟಾಂತವನ್ನು ನಾನು ಒಮ್ಮೆ ನನ್ನ ಪತ್ನಿಗೆ ಸವಿಸ್ತಾರವಾಗಿ ವಿವರಿಸಿದೆ. ಆಕೆ ಶಾಂತವಾಗಿ ಕೇಳಿ, "ಅವರ ಮನೆಯ ಬಚ್ಚಲ ಮೆಟ್ಟಿಲು ಗಟ್ಟಿಯಾಗಿ ಇದ್ದಿರಬೇಕು" ಎಂದಳು. ಆ ಮಾತಿನ ಅರ್ಥವನ್ನು ಮುಂದೆ ಹೇಳುತ್ತೇನೆ.

ಮೊದಲು ಗಡಿಯಾರದ ಕತೆ. ಗಡಿಯಾರ ಹಿಂದೆ ಬಿದ್ದರೆ ಲೋಲಕದ ಬಿಲ್ಲೆಯನ್ನು ಕೆಳಗಿನ ತಿರುಪಿನಿಂದ ಕೂದಲೆಳೆಯಷ್ಟು ಮೇಲೇರಿಸಬೇಕು, ಮುಂದೆ ಓಡಿದರೆ ಇಳಿಸಬೇಕು. ಲೋಲಕ ಉದ್ದವಾದಷ್ಟೂ ಅದರ ತೂಗಾಟ ನಿಧಾನ. ಈ ಶಾಸ್ತ್ರವನ್ನೆಲ್ಲ ಓದಿಕೊಂಡು, ಚಕ್ರಗಳನ್ನು ಬಿಚ್ಚಿ ಒರೆಸಿ, ಒಂದೊಂದು ಹಲ್ಲಿಗೂ ಕೊಬ್ಬರಿ ಎಣ್ಣೆ ಸವರಿ ಜೋಡಿಸಿದೆ. ಗಡಿಯಾರ ನಡೆಯಿತು. ಬೀದಿಯವರೆಲ್ಲ ಬಂದು ನೋಡಿದರು. ಆದರೆ ಮಾರ್ಗಶಿರ ಬಂದಾಗ ಅದಕ್ಕೊಂದು ವಿಚಿತ್ರ ರೋಗ ತಗುಲಿತು. ದಿನವೂ ಬೆಳಗಿನ ಜಾವ ನಿಂತುಬಿಡುವುದು. ಮಧ್ಯಾಹ್ನ ಲೋಲಕವನ್ನು ತಟ್ಟಿದರೆ ಏನೂ ಆಗದಂತೆ ನಡೆಯುವುದು. ಮೂರು ಸಲ ಬಿಚ್ಚಿದೆ, ಸುರುಳಿಯನ್ನೂ ಬದಲಾಯಿಸಿದೆ. ಒಂದು ಬೆಳಗ್ಗೆ ನನ್ನ ಪತ್ನಿ ಎಣ್ಣೆಯ ಸೀಸೆಯನ್ನು ಒಲೆಯ ಪಕ್ಕದಲ್ಲಿಡುತ್ತಾ, "ಚಳಿಗೆ ಎಣ್ಣೆ ಗಟ್ಟಿಯಾಗಿದೆ, ಕರಗಲಿ" ಎಂದಳು. ನಾನು ಗಡಿಯಾರದ ಕಡೆಗೆ ತಿರುಗಿ ನೋಡಿದೆ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ ಎಂಬುದು ಯಾವ ಗೃಹಿಣಿಗೆ ತಿಳಿಯದು? ದೋಷ ಗಡಿಯಾರದಲ್ಲಿರಲಿಲ್ಲ, ನಾನು ಅದಕ್ಕೆ ಮಾಡಿದ ಉಪಕಾರದಲ್ಲಿತ್ತು. ಇಬ್ಬರೂ ನಕ್ಕೆವು. ಆದರೆ ನಾನು ನಕ್ಕು ಮರೆತೆ. ನೆನಪಿಟ್ಟುಕೊಂಡಿದ್ದರೆ ಒಳ್ಳೆಯದಾಗುತ್ತಿತ್ತು.

ಅಡುಗೆಮನೆಗೂ ಬಚ್ಚಲುಮನೆಗೂ ನಡುವಣ ಗೋಡೆಯ ಬುಡದಲ್ಲಿ ಒಂದು ಗೇಣಿನಷ್ಟು ಎತ್ತರಕ್ಕೆ ಒದ್ದೆ ಕಾಣಿಸಿಕೊಂಡಿತ್ತು. ಗಾರೆ ಉಬ್ಬಿ, ಬಿಳಿಯ ಉಪ್ಪು ಬಿಟ್ಟು, ಪುಡಿಪುಡಿಯಾಗಿ ಉದುರುತ್ತಿತ್ತು. "ಬಚ್ಚಲ ಕಡೆಯಿಂದ ನೀರು ಬರುತ್ತಿರಬೇಕು; ಯಾರನ್ನಾದರೂ ಕರೆಸಿ ತೋರಿಸಿ" ಎಂದು ನನ್ನ ಪತ್ನಿ ಹೇಳಿದಳು. ರೇಡಿಯೋ ಬಿಚ್ಚಿದವನಿಗೆ ಗೋಡೆ ಒಂದು ಲೆಕ್ಕವೆ? ಅರ್ಧ ಚೀಲ ಸಿಮೆಂಟು, ಒಂದು ಬಾಂಡ್ಲಿ, ಒಂದು ಕರಣೆ ತಂದೆ. ಉದುರುತ್ತಿದ್ದ ಗಾರೆಯನ್ನು ಕೆರೆದು ತೆಗೆದು, ಒಂದೂವರೆ ಗೇಣು ಎತ್ತರಕ್ಕೆ ಸಿಮೆಂಟು ಮೆತ್ತಿ, ಕನ್ನಡಿಯಂತೆ ನುಣುಪು ಮಾಡಿದೆ. ಅಷ್ಟಕ್ಕೂ ತೃಪ್ತಿಯಾಗದೆ, ಅದು ಹಸಿಯಾಗಿದ್ದಾಗಲೇ ಮೊಳೆಯಿಂದ ಮೂಲೆಯಲ್ಲಿ ದಿನಾಂಕವನ್ನೂ ಕೊರೆದೆ. ಸೇತುವೆ ಕಟ್ಟಿದ ಎಂಜಿನಿಯರನಿಗೂ ಅಷ್ಟು ಹೆಮ್ಮೆ ಇರಲಾರದು.

ಒಂದು ವರ್ಷ ಗೋಡೆ ಸುಮ್ಮನಿತ್ತು. ಆಮೇಲೆ ಸಿಮೆಂಟು ಮುಗಿದ ಗೆರೆಯ ಮೇಲುಗಡೆ, ಮೊಳಕಾಲೆತ್ತರದಲ್ಲಿ, ಒದ್ದೆ ಮತ್ತೆ ಮೂಡಿತು. ಅದೇ ಸಮಯಕ್ಕೆ ಬಚ್ಚಲಿಗೆ ಇಳಿಯುವ ಕೆಳಗಿನ ಮೆಟ್ಟಿಲು ಸದಾ ತೇವವಾಗಿರತೊಡಗಿತು. ಅದರ ಅಂಚಿನಲ್ಲಿ ಪಾಚಿ ಕಟ್ಟಿತು. ಇವೆರಡಕ್ಕೂ ಸಂಬಂಧವಿರಬಹುದೆಂದು ನನಗೆ ಹೊಳೆಯಲಿಲ್ಲ. "ಆ ಮೆಟ್ಟಿಲು ಜಾರುತ್ತದೆ, ಏನಾದರೂ ಮಾಡಿ" ಎಂದು ಆಕೆ ಹೇಳಿದಾಗಲೆಲ್ಲ "ಈ ಭಾನುವಾರ ಮಾಡೋಣ" ಎನ್ನುತ್ತಿದ್ದೆ. ನಿವೃತ್ತನಾದವನಿಗೆ ಎಲ್ಲ ದಿನವೂ ಭಾನುವಾರವೇ. ಆದುದರಿಂದ ಆ ಭಾನುವಾರ ಬರಲೇ ಇಲ್ಲ. ನನ್ನ ದಿನಗಳೆಲ್ಲ ರೇಡಿಯೋವಿಗೆ ಸಲ್ಲುತ್ತಿದ್ದುವು.

ಆಷಾಢದ ಒಂದು ಬೆಳಗ್ಗೆ ನಾನು ಅಟ್ಟದಲ್ಲಿದ್ದೆ. ತಿಂಗಳುಗಟ್ಟಲೆ ಬರಿಯ ಗೊರಗೊರ ಸದ್ದು ಮಾಡುತ್ತಿದ್ದ ರೇಡಿಯೋದಲ್ಲಿ ಅಂದು ಮೊದಲ ಬಾರಿಗೆ ಮನುಷ್ಯಧ್ವನಿಯೊಂದು ಕೇಳಿಸಿತು. ಅದನ್ನು ಹಿಡಿದು ನಿಲ್ಲಿಸಬೇಕೆಂದು ಉಸಿರು ಬಿಗಿಹಿಡಿದು ಗುಂಡಿ ತಿರುಗಿಸುತ್ತಿದ್ದಾಗ ಕೆಳಗೆ ತಂಬಿಗೆ ಉರುಳಿದ ಶಬ್ದವಾಯಿತು. ಬೆಕ್ಕಿರಬೇಕೆಂದುಕೊಂಡೆ. ಮತ್ತೇನೋ ಕೇಳಿಸಿತು; ಅದು ರೇಡಿಯೋವಿನದೆಂದುಕೊಂಡೆ. ಸ್ವಲ್ಪ ಹೊತ್ತಿನ ಮೇಲೆ ಇಳಿದುಬಂದು ನೋಡಿದರೆ ಆಕೆ ಮೆಟ್ಟಿಲ ಬಳಿ ಬಿದ್ದು, ಎದ್ದು ಕುಳಿತು, ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡಿದ್ದಳು. "ಎರಡು ಸಲ ಕೂಗಿದೆ" ಎಂದಳು, ಅಷ್ಟೆ.

ಮಣಿಕಟ್ಟಿನ ಮೂಳೆ ಮುರಿದಿತ್ತು. ವೈದ್ಯರು ಆರು ವಾರಕ್ಕೆ ಪ್ಲಾಸ್ಟರ್ ಹಾಕಿದರು. ಆಸ್ಪತ್ರೆಯಿಂದ ಆಟೋದಲ್ಲಿ ಬರುವಾಗ ನನಗೆ ಮಾತೇ ಹೊರಡಲಿಲ್ಲ. ಮನೆ ಸೇರಿದ ಮೇಲೆ ಆಕೆ ಆ ಗೋಡೆಯನ್ನು ನೋಡಿ, "ನನ್ನ ಪ್ಲಾಸ್ಟರನ್ನು ಆರು ವಾರಕ್ಕೆ ತೆಗೆಯುತ್ತಾರಂತೆ, ನಿಮ್ಮದನ್ನು ಯಾವಾಗ?" ಎಂದು ಕೇಳಿದಳು. ನಗಿಸುವುದಕ್ಕೆಂದೇ ಆಡಿದ ಮಾತು. ನನಗೆ ನಗು ಬರಲಿಲ್ಲ.

ನೆರೆಯವರು ಒಬ್ಬ ಮೇಸ್ತ್ರಿಯನ್ನು ಕಳುಹಿಸಿಕೊಟ್ಟರು. ಎಪ್ಪತ್ತು ದಾಟಿದವರು, ಜೊತೆಗೆ ಮೊಮ್ಮಗ. ನಾನು ಗೋಡೆಯನ್ನು ತೋರಿಸಿದರೆ ಅವರು ಗೋಡೆಯ ಕಡೆಗೆ ನೋಡಲೂ ಇಲ್ಲ. "ಮೇಷ್ಟ್ರೆ, ಬಚ್ಚಲ ನೀರು ಎಲ್ಲಿಗೆ ಓಗ್ತದೆ?" ಎಂದು ಕೇಳಿದರು. "ಮೋರಿಗೆ" ಎಂದೆ. "ಎಲ್ಲಾನೂ ಓಗ್ತದಾ?" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ಬಟ್ಟೆಗೆ ಹಾಕುವ ನೀಲಿಯನ್ನು ತರಿಸಿ, ಒಂದು ಬಕೆಟ್ ನೀರಿಗೆ ಕಲಸಿ, ಬಚ್ಚಲಿಗೆ ಸುರಿದು, ಜಗಲಿಯ ಮೇಲೆ ಬಂದು ಕುಳಿತುಕೊಂಡರು. ಕಾಫಿ ಕುಡಿದೆವು. ಅರ್ಧ ಗಂಟೆಯಾದ ಮೇಲೆ ಹೋಗಿ ನೋಡಿದರೆ ಕೆಳಗಿನ ಮೆಟ್ಟಿಲ ಸಂದಿಯಿಂದ ನೀಲಿಯ ಎಳೆಯೊಂದು ಸಣ್ಣಗೆ ಒಸರುತ್ತಿತ್ತು. ನೆಲದೊಳಗಿನ ಮೋರಿಯ ಕೊಳವೆ ಎಂದೋ ಬಿರುಕುಬಿಟ್ಟಿತ್ತು. ಅದರ ನೀರು ಗೋಡೆಯ ಬುಡಕ್ಕೆ ಇಳಿಯುತ್ತಿತ್ತು.

ಆಗ ಅವರು ಗೋಡೆಯ ಕಡೆಗೆ ತಿರುಗಿದರು. "ಇದಕ್ಕೆ ಸಿಮೆಂಟು ಮೆತ್ತಿದ ಪುಣ್ಯಾತ್ಮರು ಯಾರು?" ಎಂದರು. ನಾನು ಸುಮ್ಮನೆ ನಿಂತೆ. ಒಳಗಿನಿಂದ ನನ್ನ ಪತ್ನಿ, "ಮೂಲೆಯಲ್ಲಿ ದಿನಾಂಕವೂ ಇದೆ ನೋಡಿ, ಮೇಸ್ತ್ರಿಗಳೆ" ಎಂದಳು.

ಮೇಸ್ತ್ರಿಯವರು ನಗಲಿಲ್ಲ; ಪಾಠ ಹೇಳಿದರು. "ಮಣ್ಣಿನ ಗೋಡೆ ನೀರು ಕುಡೀತದೆ ಮೇಷ್ಟ್ರೆ. ಸುಣ್ಣದ ಗಾರೆ ಅದನ್ನ ಗಾಳೀಗೆ ಬಿಡ್ತದೆ. ನೀವು ಅದರ ಮೂಗು ಬಾಯಿ ಎರಡೂ ಮುಚ್ಚಿಬಿಟ್ರಿ. ನೀರು ಸುಮ್ಕಿರ್ತದಾ? ಸಿಮೆಂಟಿಲ್ಲದ ಕಡೆ ದಾರಿ ಉಡುಕ್ಕೊಂಡು ಓಗ್ತದೆ." ಗೋಡೆಯೊಳಗೆ ಸಿಕ್ಕಿಬಿದ್ದ ತೇವ ಮೇಲಕ್ಕೆ ಏರಿತ್ತು, ಉಳಿದದ್ದು ಮೆಟ್ಟಿಲ ಸಂದಿಯನ್ನು ಹಿಡಿದಿತ್ತು. ಗೋಡೆ ಉದುರುತ್ತಿದ್ದಾಗ ಅದು ತನ್ನ ಕಷ್ಟವನ್ನು ಹೇಳಿಕೊಳ್ಳುತ್ತಿತ್ತು. ನಾನು ಆ ಮಾತನ್ನು ಕೇಳದೆ ಬಾಯಿ ಮುಚ್ಚಿಸಿದೆ. ಅದರ ಫಲವನ್ನು ಉಂಡವಳು ನನ್ನ ಪತ್ನಿ.

ಸುಣ್ಣದ ಗಾರೆ ಗಟ್ಟಿಯಾಗಿರುತ್ತದೆಯೆ ಎಂದು ನಾನು ಅನುಮಾನದಿಂದ ಕೇಳಿದೆ. "ಕನ್ನಂಬಾಡಿ ಕಟ್ಟೆ ನಿಂತಿಲ್ವಾ?" ಎಂದರು ಮೇಸ್ತ್ರಿ. ಅದು ನಿಜ. 1911ರಲ್ಲಿ ಕೆಲಸ ಆರಂಭವಾದ ಕೃಷ್ಣರಾಜಸಾಗರದ ಅಣೆಕಟ್ಟೆಯನ್ನು ಕಟ್ಟಿದ್ದು ಸುರ್ಕಿ ಗಾರೆಯಿಂದ, ಎಂದರೆ ಸುಣ್ಣಕ್ಕೆ ಸುಟ್ಟ ಮಣ್ಣಿನ ಪುಡಿಯನ್ನು ಬೆರೆಸಿದ ಗಾರೆಯಿಂದ. ಅದರ ಹಿನ್ನೀರಿನಿಂದ ಬಂದ ಕಾವೇರಿಯನ್ನು ಕುಡಿದು ಬೆಳೆದ ನಾನು ಗಾರೆಯ ಬಲವನ್ನು ಶಂಕಿಸಿದೆ!

ಶ್ರಾವಣದಲ್ಲಿ ಕೆಲಸ ಮೊದಲಾಯಿತು. ನನ್ನ ಸಿಮೆಂಟನ್ನು ಉಳಿಯಿಂದ ಕಿತ್ತರು, ದಿನಾಂಕವೂ ಪುಡಿಯಾಯಿತು. ಮೋರಿಯ ಕೊಳವೆಯನ್ನು ಬದಲಾಯಿಸಿದರು. ಆಮೇಲೆ ಗೋಡೆಯನ್ನು ಬೆತ್ತಲೆಯಾಗಿಯೇ ಬಿಟ್ಟು, ಒಣಗುವವರೆಗೆ ಮುಟ್ಟಕೂಡದೆಂದು ಹೇಳಿ ಹೊರಟುಹೋದರು. ಒಣಗಲು ಮೂರು ತಿಂಗಳು ಹಿಡಿಯಿತು. ಬೆಂಗಳೂರಿನಲ್ಲಿರುವ ಮಗಳು ಫೋನಿನಲ್ಲಿ, "ಅಪ್ಪ, ಇಷ್ಟು ಕಷ್ಟವೇಕೆ? ಕೆಡವಿ ಹೊಸದಾಗಿ ಕಟ್ಟಿಬಿಡಬಾರದೆ?" ಎಂದಳು. "ಕಾಯಿಲೆ ಗೊತ್ತಾದ ಮೇಲೆ ರೋಗಿಯನ್ನು ಕೊಲ್ಲುವುದೇಕೆ?" ಎಂದು ಅವಳ ತಾಯಿಯೇ ಉತ್ತರಕೊಟ್ಟಳು.

ಆ ತಿಂಗಳುಗಳಲ್ಲಿ ನಮ್ಮ ಸಂಸಾರವೆಲ್ಲ ಪಡಸಾಲೆಗೆ ಬಂದಿತು. ಒಲೆಯ ಪಕ್ಕದಲ್ಲಿ ಪುಸ್ತಕದ ಬೀರು, ಬೀರುವಿನ ಮೇಲೆ ಅಕ್ಕಿಯ ಡಬ್ಬ, ನಿಘಂಟಿನ ಹಿಂದೆ ಹುಣಸೆಹಣ್ಣು. ಕನ್ನಡಕವನ್ನು ಹುಡುಕಿದರೆ ಸೌಟು ಸಿಗುತ್ತಿತ್ತು. ಸೌಟನ್ನು ಹುಡುಕಿದರೆ ಮೇಸ್ತ್ರಿಯ ಕರಣೆ. ಸಾರಿಗೆ ಹಾಕಿದ ಉಪ್ಪಿಗಿಂತ ಗೋಡೆಯಿಂದ ಹಾರಿಬಂದು ಬಿದ್ದ ಸುಣ್ಣವೇ ಹೆಚ್ಚಾಗಿದ್ದ ದಿನಗಳೂ ಉಂಟು. ಅಡುಗೆ ಮಾಡುತ್ತಿದ್ದವನು ನಾನು. ಕುರ್ಚಿಯ ಮೇಲೆ ಕುಳಿತು ಹೇಳಿಕೊಡುತ್ತಿದ್ದವಳು ಆಕೆ. ಮೂವತ್ತನಾಲ್ಕು ವರ್ಷ ಪಾಠ ಹೇಳಿದವನು ಬೇಳೆ ಎಷ್ಟು ಬೇಯಬೇಕೆಂದು ದಿನವೂ ಕೇಳುತ್ತಿದ್ದೆ, ಮರುದಿನ ಮರೆಯುತ್ತಿದ್ದೆ. ಆಕೆ ಒಮ್ಮೆಯೂ ಸಿಟ್ಟಾಗಲಿಲ್ಲ. ನನ್ನ ತರಗತಿಗಳಲ್ಲಿ ನಾನು ಅಷ್ಟು ತಾಳ್ಮೆಯಿಂದ ಇದ್ದೆನೆ ಎಂದು ನನ್ನನ್ನು ನಾನೇ ಕೇಳಿಕೊಂಡೆ.

ಗೋಡೆ ಒಣಗಿದ ಮೇಲೆ ಮತ್ತೆ ಅಡುಗೆಮನೆಯನ್ನು ಹೊಕ್ಕು ಪಾತ್ರೆ ಹಿಡಿದಾಗ ಇನ್ನಷ್ಟು ಸಂಗತಿಗಳು ಗೋಚರವಾದುವು. ದೀಪ ಬೆನ್ನ ಹಿಂದಿತ್ತು. ಒಲೆಯ ಮುಂದೆ ನಿಂತವರು ತಮ್ಮ ನೆರಳಿನಲ್ಲಿಯೇ ಅಡುಗೆ ಮಾಡಬೇಕಾಗಿತ್ತು. ಹಲಗೆ ಕೈಗೆ ಎಟುಕದಷ್ಟು ಎತ್ತರದಲ್ಲಿತ್ತು; ಅದನ್ನು ಹೊಡೆದವನು ನಾನೇ, ನನ್ನ ಎತ್ತರಕ್ಕೆ ಸರಿಯಾಗಿ. "ಇದನ್ನೆಲ್ಲ ಏಕೆ ಹೇಳಲಿಲ್ಲ?" ಎಂದು ಕೇಳಿದೆ. "ನೀವು ಕೇಳಲಿಲ್ಲ" ಎಂದಳು. ಹವ್ಯಾಸದ ಕೆಲಸ ನಾವು ಒಲಿದಾಗ ಮಾಡುವ ಕೆಲಸ. ಮನೆಯ ಕೆಲಸ ಮನೆ ಕೇಳಿದಾಗ ಮಾಡಬೇಕಾದ್ದು. ಮೊದಲನೆಯದರಲ್ಲಿ ನಾನು ಪಟ್ಟ ಶ್ರದ್ಧೆಯ ಕಾಲುಭಾಗವನ್ನು ಎರಡನೆಯದರಲ್ಲಿ ತೋರಿಸಿರಲಿಲ್ಲ.

ಸುಣ್ಣವನ್ನು ಅರಳಿಸುವುದನ್ನು ನಾನು ಅಟ್ಟದಿಂದ ಇಳಿದುಬಂದು ಹಿತ್ತಿಲಲ್ಲಿ ನಿಂತು ನೋಡಿದೆ. ಸುಣ್ಣದ ಕಲ್ಲನ್ನು ಗೂಡಿನಲ್ಲಿ ಸುಟ್ಟಾಗ ಅದರಲ್ಲಿರುವ ಇಂಗಾಲದ ಡೈಆಕ್ಸೈಡು ಹೊರಟುಹೋಗುತ್ತದೆ. ಸುಟ್ಟ ಸುಣ್ಣಕ್ಕೆ ನೀರು ಹಾಕಿದರೆ ಬೆಂಕಿಯಿಲ್ಲದೆ ಕೊತಕೊತನೆ ಕುದಿಯುತ್ತದೆ. ಅದನ್ನು ಮರಳಿನೊಡನೆ ಗೋಡೆಗೆ ಹಚ್ಚಿದ ಮೇಲೆ, ಕಳೆದುಕೊಂಡ ಆ ಅನಿಲವನ್ನೇ ಗಾಳಿಯಿಂದ ಸ್ವಲ್ಪಸ್ವಲ್ಪವಾಗಿ ಮರಳಿ ಪಡೆದು ಮತ್ತೆ ಕಲ್ಲಾಗುತ್ತದೆ. ಈ ಕೆಲಸ ಒಂದು ದಿನದಲ್ಲಿ ಮುಗಿಯುವುದಿಲ್ಲ. ಅವಸರಪಡಿಸಿದರೆ ಗಾರೆ ಬಿರಿಯುತ್ತದೆ. ಹಿಂದಿನವರು ಬೆಲ್ಲದ ನೀರನ್ನೂ ಅಳಲೆಕಾಯಿಯ ನೀರನ್ನೂ ಬೆರೆಸುತ್ತಿದ್ದರಂತೆ. ನಮ್ಮ ಮೇಸ್ತ್ರಿಯವರೂ ಒಂದು ಅಚ್ಚು ಬೆಲ್ಲ ಕೇಳಿ ಪಡೆದರು.

ಮೊದಲ ಲೇಪ ಮುಗಿದ ಸಂಜೆ ಅವರು ಕೈ ತೊಳೆದುಕೊಳ್ಳುತ್ತಾ, "ಅಳೆ ಗೋಡೆ ಮೇಷ್ಟ್ರೆ, ಮೆಲ್ಲಗೆ ಮಾತಾಡಿಸ್ಬೇಕು" ಎಂದರು. 'ಹಳೆ' ಎಂಬುದು ಅವರ ಬಾಯಲ್ಲಿ 'ಅಳೆ' ಆಗಿತ್ತು. ಅಭ್ಯಾಸಬಲದಿಂದ ನನ್ನ ಕೈ ಅಂಗಿಯ ಜೇಬಿನಲ್ಲಿ ಕೆಂಪು ಲೇಖನಿಯನ್ನು ಹುಡುಕಿತು. ಮರುಕ್ಷಣವೇ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಮುಖ ಕಣ್ಣಮುಂದೆ ಬಂದಿತು.

ಅವನು ಪಕ್ಕದ ಹಳ್ಳಿಯಿಂದ ನಡೆದು ಬರುತ್ತಿದ್ದ ಹುಡುಗ. ಬರಹದಲ್ಲಿ 'ಹಣ್ಣು' 'ಅಣ್ಣು' ಆಗುತ್ತಿತ್ತು, 'ಹಾಲು' 'ಆಲು' ಆಗುತ್ತಿತ್ತು. ನಾನು ಪ್ರತಿಯೊಂದನ್ನೂ ಕೆಂಪು ಶಾಯಿಯಿಂದ ಸುತ್ತಿದೆ. ಹತ್ತು ಸಲ, ಇಪ್ಪತ್ತು ಸಲ ಬರೆಯಿಸಿದೆ. ಕೆಲವು ದಿನಗಳಲ್ಲಿ ಹೊಸ ತಪ್ಪು ಕಾಣಿಸಿಕೊಂಡಿತು. ಹುಡುಗ ಹೆದರಿ, 'ಅನ್ನ'ವನ್ನು 'ಹನ್ನ' ಎಂದೂ 'ಆಕಾಶ'ವನ್ನು 'ಹಾಕಾಶ' ಎಂದೂ ಬರೆಯತೊಡಗಿದ. ತರಗತಿ ನಕ್ಕಿತು. ನಾನೂ ನಕ್ಕೆ. ಅವನು ಹುಟ್ಟಿದ ಮನೆಯಲ್ಲಿ ಮಾತಿನ ಮೊದಲಿಗೆ 'ಹ'ಕಾರವೇ ಇಲ್ಲವೆಂದು ಎಂ.ಎ. ಓದಿದ ನನಗೆ ತಿಳಿಯದ ವಿಷಯವಲ್ಲ. "ನಿನ್ನ ಮನೆಯ ಮಾತು ಹೀಗೆ, ಪುಸ್ತಕದ ಮಾತು ಹೀಗೆ, ಎರಡೂ ನಿನ್ನವೇ" ಎಂದು ಒಂದು ಮಾತು ಹೇಳಿದ್ದರೆ ಸಾಕಾಗಿತ್ತು. ಹೇಳಲಿಲ್ಲ. ಅವನ ಉತ್ತರಗಳು ಮೋಟಾದುವು. ಕೈ ಎತ್ತುವುದನ್ನು ಬಿಟ್ಟ. ಹತ್ತನೆಯ ತರಗತಿಗೆ ಅವನು ಬರಲೇ ಇಲ್ಲ. ಅದಕ್ಕೆ ನನ್ನ ಕೆಂಪು ಶಾಯಿಯೊಂದೇ ಕಾರಣವೆಂದು ಹೇಳಲಾರೆ; ಅಲ್ಲವೆಂದೂ ಹೇಳಲಾರೆ.

ಗೋಡೆಯ ತಪ್ಪನ್ನು ತಿದ್ದಲು ನನಗೆ ಎರಡನೆಯ ಅವಕಾಶ ದೊರೆಯಿತು. ಎಲ್ಲ ತಪ್ಪುಗಳಿಗೂ ಆ ಭಾಗ್ಯವಿಲ್ಲ. ಕಲೆಯನ್ನು ಮುಚ್ಚುವುದು ಸುಲಭ. ನೀರು ಎಲ್ಲಿಂದ ಬರುತ್ತಿದೆಯೆಂದು ಕೇಳುವುದಕ್ಕೆ ಬಿಡುವು ಬೇಕು, ಸ್ವಲ್ಪ ನಮ್ರತೆಯೂ ಬೇಕು. ಕೇಳುವ ಬುದ್ಧಿ ನನಗೆ ಬಂದದ್ದು ನಿವೃತ್ತನಾದ ಮೇಲೆ.

ಈಗ ಬಚ್ಚಲ ಹಳೆಯ ಮೆಟ್ಟಿಲುಗಳ ಜಾಗದಲ್ಲಿ ಒರಟು ಮೈಯ ಅಗಲವಾದ ಕಲ್ಲಿನ ಮೆಟ್ಟಿಲುಗಳಿವೆ. ಪಕ್ಕದಲ್ಲಿ ಹಿಡಿದುಕೊಳ್ಳಲು ಕಂಬಿಯಿದೆ. ಒಲೆಯ ಮೇಲುಗಡೆ ದೀಪ ಬಂದಿದೆ. ಹಲಗೆ ಒಂದು ಮೊಳ ಕೆಳಗಿಳಿದಿದೆ. ಅಳತೆಗೆ ನಿಂತವಳು ನನ್ನ ಪತ್ನಿ. ಗಡಿಯಾರಕ್ಕೆ ಗಡಿಯಾರದ ಎಣ್ಣೆಯನ್ನೇ ಹಾಕಿದ್ದೇನೆ; ಪುಷ್ಯದ ಚಳಿಯಲ್ಲಿಯೂ ನಡೆಯಿತು. ರೇಡಿಯೋ ಮಾತ್ರ ಇನ್ನೂ ಅಟ್ಟದಲ್ಲಿ ಮೌನವಾಗಿದೆ. ಅದನ್ನು ಬಿಟ್ಟಿಲ್ಲ, ಆದರೆ ಅಟ್ಟ ಹತ್ತುವ ಮೊದಲು ಈಗ ಅಡುಗೆಮನೆಯಲ್ಲಿ ಒಮ್ಮೆ ವಿಚಾರಿಸಿಕೊಂಡು ಹೋಗುತ್ತೇನೆ.

ಜ್ಯೇಷ್ಠದ ಮೊದಲ ದೊಡ್ಡ ಮಳೆ ಬಂದ ರಾತ್ರಿ ನಾನು ಎದ್ದು ಹೋಗಿ ಗೋಡೆಯ ಬುಡಕ್ಕೆ ಅಂಗೈ ಒತ್ತಿ ನೋಡಿದೆ. ಒಣಗಿತ್ತು, ಬೆಚ್ಚಗೂ ಇತ್ತು. ಮರಳಿ ಬಂದಾಗ ನನ್ನ ಪತ್ನಿ ಕತ್ತಲಲ್ಲಿ ಎದ್ದು ಕುಳಿತು ತನ್ನ ಬಲಗೈಯ ಮಣಿಕಟ್ಟನ್ನು ಮೆಲ್ಲಗೆ ನೀವಿಕೊಳ್ಳುತ್ತಿದ್ದಳು. ಮಳೆಯ ಶೀತಕ್ಕೆ ಅದು ಈಗಲೂ ನೋಯುತ್ತದೆ. "ಗೋಡೆ ಹೇಗಿದೆ?" ಎಂದು ಕೇಳಿದಳು. "ಚೆನ್ನಾಗಿದೆ" ಎಂದೆ. ಆಮೇಲೆ ಒಲೆ ಹೊತ್ತಿಸಿ, ಆಕೆಯ ಕೈಗೆ ಹಚ್ಚಲು ಎಣ್ಣೆ ಕಾಯಿಸಿದೆ.